ಮನೆಯ ಹಿರಿಯರ ಹೆಲಿಕಾಪ್ಟರ್ ಯೂನಿಟ್ ಚರಿತ್ರೆ ಬರೆಯುವುದು ಹೇಗೆ

ವಾಯುಪಡೆಯ ಹೆಲಿಕಾಪ್ಟರ್‌ಗಳ ಜೊತೆ ಆಯುಷ್ಯದ ಅರ್ಧ ಕಳೆದವರು ನಿಮ್ಮ ಮನೆಯಲ್ಲಿದ್ದರೆ, ಅವರ ಯೂನಿಟ್ಟಿನ ಕಥೆ ಬರೆಯುವ ಕೆಲಸ ನಿಮ್ಮದೇ ಅಂದುಕೊಳ್ಳಿ. ಬೇರೆ ಯಾರಾದರೂ ಬರೆದಾರು ಎಂದು ಕಾಯಬೇಡಿ. ಫೈಟರ್ ವಿಮಾನಗಳ ಬಗ್ಗೆ ಬರೆಯುವವರು ಬಹಳ ಜನ ಇದ್ದಾರೆ. ಹೆಲಿಕಾಪ್ಟರ್ ಬಗ್ಗೆ ಬರೆಯುವವರು ಕಡಿಮೆ. ಅದರಲ್ಲೂ ಅದನ್ನು ಹಾರುವ ಸ್ಥಿತಿಯಲ್ಲಿ ಇಟ್ಟ ಫಿಟರ್‌ಗಳು, ಸಿಗ್ನಲರ್‌ಗಳು, ಫ್ಲೈಟ್ ಎಂಜಿನಿಯರ್‌ಗಳ ಬಗ್ಗೆ ಕನ್ನಡದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ.

ನಾನು ಪುಣೆಯ ಧಾನೋರಿಯಲ್ಲಿ ಇರುವವಳು. ಶಾಲೆಯಲ್ಲಿ ಇತಿಹಾಸ ಪಾಠ ಹೇಳಿದವಳು. ಅಪ್ಪ ಎಂಐ-4, ಆಮೇಲೆ ಎಂಐ-8 ಹೆಲಿಕಾಪ್ಟರ್‌ಗಳ ಎಂಜಿನ್ ಫಿಟರ್ ಆಗಿದ್ದರು. ಪಕ್ಕದ ಲೋಹಗಾಂವ್ ವಾಯುಪಡೆಯ ಸುಖೋಯ್-30ರ ನೆಲೆ, ಅಲ್ಲಿ ದಿನವಿಡೀ ಕೇಳುವುದು ಫೈಟರ್‌ಗಳ ಸದ್ದು. ಆದರೆ ನಿವೃತ್ತರಾಗಿ ಧಾನೋರಿ, ವಿಶ್ರಾಂತವಾಡಿ, ಕಳಸ ಕಡೆ ಮನೆ ಮಾಡಿಕೊಂಡ ಏರ್‌ಫೋರ್ಸ್ ಮಂದಿಯಲ್ಲಿ ಹೆಲಿಕಾಪ್ಟರ್‌ನವರೂ ಬೇಕಾದಷ್ಟು ಇದ್ದಾರೆ. ಬೆಳಗಾವಿ, ಧಾರವಾಡ, ವಿಜಯಪುರ ಕಡೆಯವರು ಜಾಸ್ತಿ. ಅಪ್ಪನ ಯೂನಿಟ್ಟಿನ ಚರಿತ್ರೆ ಬರೆದ ಮೇಲೆ ಅವರ ಮನೆಗಳಿಗೂ ಹೋಗಿ ಕೈಜೋಡಿಸುತ್ತಾ ಬಂದಿದ್ದೇನೆ. ಆ ಅನುಭವದಿಂದ ಹೇಳುತ್ತಿದ್ದೇನೆ: ದಿನಾಂಕದಿಂದ ಶುರು ಮಾಡಬೇಡಿ, ಯುದ್ಧದಿಂದಲೂ ಬೇಡ. ಯಂತ್ರದಿಂದ ಶುರು ಮಾಡಿ. ಯಾವ ಹೆಲಿಕಾಪ್ಟರ್ ಎಂದು ಗೊತ್ತಾದರೆ ಕಾಲ, ಊರು, ಕೆಲಸ, ಜೊತೆಗಾರರು ಎಲ್ಲ ಒಂದೊಂದಾಗಿ ಅದರ ಹಿಂದೆಯೇ ಬರುತ್ತವೆ.

ನಂಬರ್ ಒಂದೇ ಸಾಲದು

ಎಲ್ಲರೂ ಮೊದಲು ಕೇಳುವುದು "ಯಾವ ಯೂನಿಟ್?" ಎಂದು. ಕೇಳಬೇಕು, ನಿಜ. ಹೆಲಿಕಾಪ್ಟರ್ ದಳಗಳಿಗೆ ನೂರರ ಮೇಲಿನ ನಂಬರ್ ಇರುತ್ತದೆ: 104, 105, 110, 111, 114, 125, 126, 129, 152 ಹೀಗೆ. ಕೆಲವಕ್ಕೆ ಸ್ಕ್ವಾಡ್ರನ್ ಎನ್ನುತ್ತಾರೆ, ಹೆಚ್ಚಿನವಕ್ಕೆ ಹೆಲಿಕಾಪ್ಟರ್ ಯೂನಿಟ್ ಎಂದೇ ಹೆಸರು. ಹಿರಿಯರ ಬಾಯಲ್ಲಿ ಅದು ಬರೀ 'ಎಚ್‌ಯು'.

ಆದರೆ ನಂಬರ್ ಹಾಗೇ ಉಳಿಯುತ್ತದೆ, ಅದರ ಕೆಳಗಿನ ಯಂತ್ರ ಬದಲಾಗುತ್ತಾ ಹೋಗುತ್ತದೆ. 1954ರಲ್ಲಿ ನಮ್ಮ ವಾಯುಪಡೆಗೆ ಮೊದಲ ಹೆಲಿಕಾಪ್ಟರ್ ಆಗಿ ಅಮೆರಿಕದ ಸಿಕಾರ್ಸ್ಕಿ ಎಸ್-55 ಬಂತು. ಅದರಿಂದ ಶುರುವಾದ ದಳವೇ 104. ಅದೇ 104 ಮುಂದೆ ಎಂಐ-35 ಎಂಬ ರಷ್ಯಾದ ದಾಳಿ ಹೆಲಿಕಾಪ್ಟರ್ ಹಾರಿಸಿತು. 125 ಎಂದರೆ ಒಂದು ಕಾಲಕ್ಕೆ ಎಂಐ-25, ಎಂಐ-35. 2019ರಿಂದ ಅದು ಅಮೆರಿಕದ ದಾಳಿ ಹೆಲಿಕಾಪ್ಟರ್ ಅಪಾಚೆಯ ದಳ. 126ರಲ್ಲಿ ದೈತ್ಯ ಎಂಐ-26 ಇದ್ದವು, ಈಗ ಅಮೆರಿಕದ ಭಾರ ಹೊರುವ ಚಿನೂಕ್ ಇವೆ. ಹಾಗಾಗಿ "ಅಣ್ಣ 126ರಲ್ಲಿ ಇದ್ದರು" ಎಂದರೆ ಅರ್ಧ ವಿಷಯ ಮಾತ್ರ. ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಯಂತ್ರದ ಮೇಲೆ ಎಂಬುದು ಉಳಿದರ್ಧ.

ಒಬ್ಬರೇ ಮೂರು ನಾಲ್ಕು ಯೂನಿಟ್‌ಗಳಲ್ಲಿ ದುಡಿದಿರುತ್ತಾರೆ. ಎಲ್ಲದರ ಚರಿತ್ರೆ ಬರೆಯಲು ಹೋಗಬೇಡಿ. ಅವರು ಯಾವ ಯೂನಿಟ್ ಹೆಸರು ಬಂದಾಗ 'ನಮ್ದು' ಎನ್ನುತ್ತಾರೋ ಅದನ್ನು ಹಿಡಿಯಿರಿ.

ಟ್ರಂಕ್ ತೆಗೆಯುವಾಗ

ಏರ್‌ಫೋರ್ಸ್ ಮನೆಯಲ್ಲಿ ಒಂದು ಕಪ್ಪು ಕಬ್ಬಿಣದ ಟ್ರಂಕ್ ಇದ್ದೇ ಇರುತ್ತದೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಹೆಸರು, ಸರ್ವೀಸ್ ನಂಬರ್. ಮೊದಲು ಆ ಮುಚ್ಚಳದ ಫೋಟೋ ತೆಗೆದುಕೊಳ್ಳಿ. ಸರ್ವೀಸ್ ನಂಬರ್ ಮುಂದೆ ಎಲ್ಲದಕ್ಕೂ ಬೇಕು.

ಪೈಲಟ್ ಆಗಿದ್ದವರ ಮನೆಯಾದರೆ ನಿಮ್ಮ ಕೆಲಸ ಹಗುರ. ಲಾಗ್‌ಬುಕ್ ಇರುತ್ತದೆ. ದಿನಾಂಕ, ಹೆಲಿಕಾಪ್ಟರ್ ಜಾತಿ, ಅದರ ಬಾಲದ ನಂಬರ್, ಜೊತೆಗೆ ಹಾರಿದವರು, ಹೋದ ಕೆಲಸ, ಹಗಲು ಎಷ್ಟು ಹೊತ್ತು, ರಾತ್ರಿ ಎಷ್ಟು ಹೊತ್ತು, ಎಲ್ಲ ಸಾಲು ಸಾಲಾಗಿ ಬರೆದಿರುತ್ತದೆ. ತಿಂಗಳ ಕೊನೆಗೆ ಮೇಲಿನವರ ಸಹಿ ಇರುತ್ತದೆ. ಲಾಗ್‌ಬುಕ್ಕಿಗಿಂತ ನಂಬಿಕೆಯ ಸಾಕ್ಷಿ ಇನ್ನೊಂದಿಲ್ಲ. ಒಂದು ಪುಟವನ್ನೂ ಬಿಡದೆ ಸ್ಕ್ಯಾನ್ ಮಾಡಿಸಿ, ಖಾಲಿ ಪುಟಗಳನ್ನೂ ಸೇರಿಸಿ. ಕೆಲವರು ಹಿಂದಿನ ಖಾಲಿ ಪುಟದಲ್ಲಿ ಗೆಳೆಯರ ವಿಳಾಸ ಬರೆದುಕೊಂಡಿರುತ್ತಾರೆ.

ನೆಲದ ಮೇಲೆ ದುಡಿದವರಿಗೆ ಲಾಗ್‌ಬುಕ್ ಇಲ್ಲ. ಅವರ ಹತ್ತಿರ ಇರುವುದು ಡಿಸ್ಚಾರ್ಜ್ ಬುಕ್, ಕೋರ್ಸ್ ಮುಗಿಸಿದ ಸರ್ಟಿಫಿಕೇಟ್, ಪದಕಗಳು, ಪೋಸ್ಟಿಂಗ್ ಆದಾಗ ಸಿಕ್ಕ ಬೀಳ್ಕೊಡುಗೆ ಶೀಲ್ಡ್, ಫೋಟೋಗಳು. ಶೀಲ್ಡ್ ಬಗ್ಗೆ ಅಸಡ್ಡೆ ಬೇಡ. ಯೂನಿಟ್ಟಿನ ಲಾಂಛನ, ಊರು, ವರ್ಷ ಮೂರೂ ಒಂದೇ ಹಿತ್ತಾಳೆ ತಗಡಿನಲ್ಲಿ ಸಿಗುತ್ತವೆ. ಪದಕದ ಅಂಚಿನಲ್ಲಿ ಹೆಸರು, ನಂಬರ್ ಕೊರೆದಿರುತ್ತದೆ, ಭೂತಗನ್ನಡಿ ಹಿಡಿದು ಓದಿ. ಬ್ರಾಸೋ ಹಾಕಿ ತಿಕ್ಕಬೇಡಿ, ಅಕ್ಷರ ಸವೆಯುತ್ತವೆ.

ಫೋಟೋ ಆಲ್ಬಮ್ಮಿನಿಂದ ಕೀಳಬೇಡಿ. ಹಳೆಯ ಆಲ್ಬಮ್ಮುಗಳಲ್ಲಿ ಅಂಟು ಒಣಗಿ ಕಾಗದ ಸಿಬಿರೇಳುತ್ತದೆ. ಕಿಟಕಿ ಬೆಳಕಿನಲ್ಲಿ ಇಟ್ಟು, ಫ್ಲ್ಯಾಶ್ ಇಲ್ಲದೆ, ಮೇಲಿಂದ ನೇರವಾಗಿ ಮೊಬೈಲಿನಲ್ಲಿ ತೆಗೆದರೂ ಸಾಕು. ಬಿಡಿ ಫೋಟೋಗಳಿದ್ದರೆ ಹಿಂಬದಿಯನ್ನೂ ತೆಗೆಯಿರಿ. ಸ್ಟುಡಿಯೋದ ಸೀಲು ಊರು ಹೇಳುತ್ತದೆ. ಜೋರ್ಹಾಟ್, ತೇಜ್‌ಪುರ, ಚಂಡೀಗಢ ಎಂದು ನೇರಳೆ ಸೀಲು ಕಂಡರೆ ಅರ್ಧ ಹುಡುಕಾಟ ಮುಗಿದಂತೆ.

ಫೋಟೋದಲ್ಲಿ ಇರುವುದು ಯಾವ ಹೆಲಿಕಾಪ್ಟರ್?

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ನಿಜವಾದ ಕೆಲಸ ಇರುವುದು ಇಲ್ಲೇ. ನನಗೆ ಬಹಳ ಇಷ್ಟವಾದ ಕೆಲಸವೂ ಹೌದು.

ಮೊದಲು ಕಾಲು ನೋಡಿ. ನಾಲ್ಕು ಚಕ್ರ, ಮುಂದೆ ಉಬ್ಬಿದ ಮೂತಿ, ಪೈಲಟ್‌ಗಳು ಆ ಮೂತಿಯ ಮೇಲೆ ಎತ್ತರದಲ್ಲಿ ಕೂತಿದ್ದರೆ ಅದು ಎಸ್-55 ಅಥವಾ ಎಂಐ-4. ಎರಡರಲ್ಲೂ ಎಂಜಿನ್ ಮೂತಿಯೊಳಗೇ ಇರುತ್ತದೆ. ಮೇಲೆ ತಿರುಗುವ ರೆಕ್ಕೆ ಎಣಿಸಿ. ಮೂರಿದ್ದರೆ ಎಸ್-55, ನಾಲ್ಕಿದ್ದರೆ ಎಂಐ-4. ಹಿಂದೆ ಚಿಪ್ಪಿನಂತೆ ಎರಡು ಕಡೆ ತೆರೆಯುವ ದೊಡ್ಡ ಬಾಗಿಲು ಕಂಡರೆ ಅನುಮಾನವೇ ಬೇಡ, ಎಂಐ-4.

ಗಾಜಿನ ಗುಂಡು ಮೂತಿಯ ಸಣ್ಣ ಹೆಲಿಕಾಪ್ಟರ್ ಆದರೆ ಬಾಲ ನೋಡಿ. ಮುಚ್ಚಿದ ಬಾಲ, ಕೆಳಗೆ ಮೂರು ಚಕ್ರ ಇದ್ದರೆ ಚೇತಕ್. ಕಬ್ಬಿಣದ ಏಣಿಯಂತೆ ಬರೀ ಸರಳುಗಳ ಬಾಲ, ಚಕ್ರದ ಬದಲು ಎರಡು ಉದ್ದ ಕೊಳವೆಗಳ ಕಾಲು ಇದ್ದರೆ ಚೀತಾ. ಇವೆರಡೂ ಫ್ರಾನ್ಸಿನ ವಿನ್ಯಾಸ. ಪರವಾನಗಿ ಪಡೆದು ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಕಟ್ಟಿದ್ದು. ಚೀತಾದ ಮೂಲ ಮಾದರಿಯಾದ ಲಾಮಾ 1972ರಲ್ಲಿ 12,442 ಮೀಟರ್ ಎತ್ತರಕ್ಕೆ ಏರಿ ದಾಖಲೆ ಮಾಡಿತ್ತು. ಸಿಯಾಚಿನ್‌ಗೆ ಈ ಪುಟ್ಟ ಯಂತ್ರವೇ ಯಾಕೆ ಹೋಯಿತು ಎಂಬುದಕ್ಕೆ ಉತ್ತರ ಇದರಲ್ಲೇ ಇದೆ.

ಇನ್ನು ಎಲ್ಲರೂ ತಡವರಿಸುವ ಜೋಡಿ: ಎಂಐ-8 ಮತ್ತು ಎಂಐ-17. ದೂರದಿಂದ ಅಣ್ಣತಮ್ಮಂದಿರು. ಗುಟ್ಟು ಇರುವುದು ಬಾಲದ ಸಣ್ಣ ಫ್ಯಾನಿನಲ್ಲಿ. ಹೆಲಿಕಾಪ್ಟರ್ ಒಳಗೆ ಪೈಲಟ್ ಮುಖ ಮಾಡಿ ಕೂತ ದಿಕ್ಕಿಗೆ ನೀವೂ ನಿಂತಿದ್ದೀರಿ ಎಂದುಕೊಳ್ಳಿ. ಬಾಲದ ಫ್ಯಾನ್ ಬಲಕ್ಕಿದ್ದರೆ ಎಂಐ-8, ಎಡಕ್ಕಿದ್ದರೆ ಎಂಐ-17. ಇಷ್ಟರಿಂದಲೇ ಕಾಲ ಬೇರೆಯಾಗುತ್ತದೆ. ಎಂಐ-8 ನಮ್ಮಲ್ಲಿಗೆ ಬಂದದ್ದು 1970ರ ದಶಕದ ಶುರುವಿನಲ್ಲಿ. ಎಂಐ-17 ಬಂದದ್ದು 1980ರ ದಶಕದ ನಡುವಿನಲ್ಲಿ. ಬಾಲದ ಫ್ಯಾನ್ ಎಡಕ್ಕೆ ಕಂಡರೆ ಆ ಫೋಟೋ 1975ರದ್ದು ಆಗಲು ಸಾಧ್ಯವೇ ಇಲ್ಲ, ಯಾರು ಏನೇ ಹೇಳಲಿ. ಹಿಂದೆ ಚಿಪ್ಪಿನ ಬಾಗಿಲುಗಳ ಬದಲು ಕೆಳಕ್ಕೆ ಇಳಿಯುವ ಒಂದೇ ಹಲಗೆ ಬಾಗಿಲು, ಚೂಪು ಮೂತಿ ಇದ್ದರೆ ಅದು ಎಂಐ-17 ವಿ5. ಅದು 2012ರಿಂದ ಈಚಿನದು.

ಒಂದು ಎಚ್ಚರಿಕೆ ಇದೆ. ಹಳೆಯ ನೆಗೆಟಿವ್‌ಗಳನ್ನು ಸ್ಟುಡಿಯೋದವರು ಕೆಲವೊಮ್ಮೆ ತಿರುಗುಮುರುಗು ಇಟ್ಟು ಪ್ರಿಂಟ್ ಹಾಕಿರುತ್ತಾರೆ. ಆಗ ಎಡ ಬಲವಾಗುತ್ತದೆ, ಎಂಐ-8 ಎಂಐ-17 ಆಗಿಬಿಡುತ್ತದೆ. ಅದಕ್ಕೇ ಫ್ಯಾನ್ ನೋಡುವ ಮೊದಲು ಮೈಮೇಲಿನ ಅಕ್ಷರ ಓದಿ. ಅಕ್ಷರ ಸರಿಯಾಗಿ ಓದಲು ಬಂದರೆ ಫೋಟೋ ಸರಿ. ಅಕ್ಷರ ಕಾಣದಿದ್ದರೆ ಅಂಗಿಯ ಜೇಬು ನೋಡಿ, ಕೈಗಡಿಯಾರ ನೋಡಿ. ಸಾಲಾಗಿ ನಿಂತ ಎಲ್ಲರೂ ಬಲಗೈಗೆ ಗಡಿಯಾರ ಕಟ್ಟಿದ್ದರೆ ಪ್ರಿಂಟ್ ತಿರುಗಿದೆ ಎಂದೇ ಲೆಕ್ಕ.

ನಮ್ಮ ಬೀದಿಯ ಒಬ್ಬ ಕಾಕಾ ಇದನ್ನು ನೋಡುವ ರೀತಿಯೇ ಬೇರೆ. ಅವರು ಎಂಐ-8ರ ಏರ್‌ಫ್ರೇಮ್ ಫಿಟರ್. ಫೋಟೋ ಕೊಟ್ಟರೆ ಮುಖಗಳನ್ನು ನೋಡುವುದೇ ಇಲ್ಲ. ಕನ್ನಡಕ ಹಣೆಗೆ ಏರಿಸಿ, ಫೋಟೋವನ್ನು ಮೂಗಿನ ಹತ್ತಿರ ತಂದು, ಹೆಬ್ಬೆರಳಿನ ಉಗುರನ್ನು ಬಾಲದ ತುದಿಯಲ್ಲಿ ಇಡುತ್ತಾರೆ. "ಇದರ ಗೇರ್‌ಬಾಕ್ಸ್ ನಾ ಬಿಚ್ಚೀನವ್ವಾ" ಎಂದು ನಂಬರ್ ಓದುತ್ತಾರೆ. ಆಮೇಲೆ ಮುಖಗಳಿಗೆ ಬರುತ್ತಾರೆ. ನಾನು ಈ ಕ್ರಮವನ್ನೇ ಕಲಿತುಕೊಂಡೆ.

ಬಾಲದ ಅಥವಾ ಮೈಮೇಲಿನ ನಂಬರ್ ಓದಲು ಬಂದರೆ ಕೂಡಲೇ ಬರೆದಿಡಿ. ಎಂಐ-4ಗಳ ಮೇಲೆ ಬಿಜೆಡ್ ಎಂಬ ಎರಡು ಅಕ್ಷರ, ಮುಂದೆ ಅಂಕಿ. ಎಂಐ-8, ಎಂಐ-17ರ ಮೇಲೆ ಜೆಡ್ ಒಂದೇ ಅಕ್ಷರ, ಮುಂದೆ ಅಂಕಿ. ಅದೇ ನಂಬರ್ ಇನ್ನೊಬ್ಬರ ಲಾಗ್‌ಬುಕ್ಕಿನಲ್ಲೋ ಇನ್ನೊಂದು ಮನೆಯ ಫೋಟೋದಲ್ಲೋ ಸಿಕ್ಕರೆ ಎರಡು ಕುಟುಂಬಗಳ ಕಥೆ ಒಂದಕ್ಕೊಂದು ಹೊಂದಿಕೊಳ್ಳುತ್ತದೆ.

ತೋಳಿನ ಪಟ್ಟಿಯೂ ಕಾಲ ಹೇಳುತ್ತದೆ. ಎರಡು ಪಟ್ಟಿ ಕಾರ್ಪೊರಲ್, ಮೂರು ಪಟ್ಟಿ ಸಾರ್ಜೆಂಟ್. ಡಿಸ್ಚಾರ್ಜ್ ಬುಕ್ಕಿನಲ್ಲಿ ಬಡ್ತಿಯ ದಿನಾಂಕ ಇರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಫೋಟೋ ಯಾವ ವರ್ಷದ ಹಿಂದೆ, ಯಾವ ವರ್ಷದ ಮುಂದೆ ಎಂದು ತಿಳಿಯುತ್ತದೆ.

ಯಂತ್ರವನ್ನು ಕಣ್ಣಾರೆ ನೋಡಿ ಬರೆಯುವುದು ಒಳ್ಳೆಯದು. ದೆಹಲಿಯ ಪಾಲಂನಲ್ಲಿ ವಾಯುಪಡೆಯ ಮ್ಯೂಸಿಯಂ ಇದೆ, ಎಂಐ-4 ಅಲ್ಲಿದೆ. ಪುಣೆಯವರಿಗೆ ಗೋವಾ ಹತ್ತಿರ. ವಾಸ್ಕೋ ಬಳಿ ಬೋಗ್ಮಾಳೋ ದಾರಿಯಲ್ಲಿ ನೌಕಾಪಡೆಯ ವಿಮಾನ ಮ್ಯೂಸಿಯಂ ಇದೆ, 1998ರಲ್ಲಿ ತೆರೆದದ್ದು. ಅಲ್ಲಿರುವುದು ನೌಕಾಪಡೆಯ ಹೆಲಿಕಾಪ್ಟರ್‌ಗಳು ನಿಜ. ಆದರೆ ಚೇತಕ್ ಚೇತಕ್ಕೇ. ಹಿರಿಯರನ್ನು ಕರೆದುಕೊಂಡು ಹೋಗಿ ಅದರ ಪಕ್ಕ ನಿಲ್ಲಿಸಿ ನೋಡಿ. ಮನೆಯ ಸೋಫಾದಲ್ಲಿ ಬಾರದ ಮಾತು ಅಲ್ಲಿ ಬರುತ್ತದೆ. ಊರಿಗೆ ಹೋದಾಗ ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂಗೂ ಹೋಗಿ ಬನ್ನಿ.

ಹಿರಿಯರನ್ನು ಮಾತಾಡಿಸುವುದು

ಎಲ್ಲಿ ಸಿಗುತ್ತಾರೆ? ಮಾಜಿ ಸೈನಿಕರ ಆರೋಗ್ಯ ಯೋಜನೆಯ (ಇಸಿಎಚ್‌ಎಸ್) ಪಾಲಿಕ್ಲಿನಿಕ್ಕಿನ ಔಷಧಿ ಸಾಲಿನಲ್ಲಿ, ಕ್ಯಾಂಟೀನಿನಲ್ಲಿ, ನವೆಂಬರ್ ಬಂತೆಂದರೆ ಜೀವಂತ ಪ್ರಮಾಣಪತ್ರ ಕೊಡಲು ಬ್ಯಾಂಕಿನಲ್ಲಿ. ನಾನು ಕನ್ನಡ ಮಾತು ಕಿವಿಗೆ ಬಿದ್ದ ಕೂಡಲೇ "ನಮಸ್ಕಾರ್ರೀ, ಯಾವ ಟ್ರೇಡ್ ನಿಮ್ದು?" ಎಂದು ಕೇಳುತ್ತೇನೆ. ರ‍್ಯಾಂಕ್ ಕೇಳುವುದಿಲ್ಲ. ಟ್ರೇಡ್, ಅಂದರೆ ಫಿಟರ್, ಸಿಗ್ನಲರ್ ಎಂಬಂಥ ಕಸುಬು, ಕೇಳಿದರೆ ಅವರ ಮುಖ ಅರಳುತ್ತದೆ.

"ಯುದ್ಧದ ಅನುಭವ ಹೇಳಿ" ಎಂದು ಕೇಳಬೇಡಿ. ಸುಮ್ನೆ ಪೇಪರಿನಲ್ಲಿ ಓದಿದ್ದನ್ನೇ ನಿಮಗೆ ಒಪ್ಪಿಸುತ್ತಾರೆ. ಕೈ ಏನು ಮಾಡುತ್ತಿತ್ತು ಎಂದು ಕೇಳಿ. ಬೆಳಗ್ಗೆ ಮೊದಲು ಎಲ್ಲಿಗೆ ಕೈ ಹಾಕುತ್ತಿದ್ದಿರಿ? ಚಳಿಯಲ್ಲಿ ಎಂಜಿನ್ ಹೇಗೆ ಎಬ್ಬಿಸುತ್ತಿದ್ದಿರಿ? ರಾತ್ರಿ ಕೆಲಸಕ್ಕೆ ಬೆಳಕು ಏನಿತ್ತು? ಊಟ ಎಲ್ಲಿಂದ ಬರುತ್ತಿತ್ತು? ಎಂಐ-4ರಲ್ಲಿ ದುಡಿದವರಿಗೆ ಪೆಟ್ರೋಲ್ ವಾಸನೆ ನೆನಪಿರುತ್ತದೆ. ಅದು ಹದಿನಾಲ್ಕು ಸಿಲಿಂಡರಿನ ಪಿಸ್ಟನ್ ಎಂಜಿನ್. ಎಂಐ-8ಕ್ಕೆ ಬಂದವರಿಗೆ ಸೀಮೆಎಣ್ಣೆ ವಾಸನೆ. ಅದು ಟರ್ಬೈನ್. ಮಾತಿನ ನಡುವೆ ಯಾವ ವಾಸನೆ ಬಂತು ಎಂಬುದರಿಂದಲೇ ನೀವು ಯಾವ ಕಾಲದಲ್ಲಿ ಇದ್ದೀರಿ ಎಂದು ತಿಳಿದುಕೊಳ್ಳಬಹುದು.

ಅದೇ ಕಾಕಾಗೆ ನಾನೊಮ್ಮೆ ಲಾಕಿಂಗ್ ವೈರ್ ಬಗ್ಗೆ ಕೇಳಿದೆ. ಹಾರುವಾಗ ಅದುರಿ ಬೋಲ್ಟ್ ಸಡಿಲ ಆಗಬಾರದು ಎಂದು ಒಂದು ಬೋಲ್ಟಿನ ತಲೆಯಿಂದ ಇನ್ನೊಂದಕ್ಕೆ ಸಣ್ಣ ತಂತಿ ಹೊಸೆದು ಕಟ್ಟುತ್ತಾರೆ. ಕಾಕಾ ಅಡುಗೆಮನೆಯಿಂದ ಒಂದು ತುಂಡು ತಂತಿ ತರಿಸಿದರು. ಎರಡು ಎಳೆ ಹಿಡಿದು ಹೊಸೆಯಲು ಶುರು ಮಾಡಿದರು. ವಯಸ್ಸಾದ ಬೆರಳು ನಡುಗುತ್ತವೆ, ಆದರೆ ಹೊಸೆತ ಒಂದೇ ಸಮ. "ಎಳದ ಹಿಡದರ ಬಿಗೀ ಆಗೂ ದಿಕ್ಕಿಗೇ ಎಳೀಬೇಕು. ಉಲ್ಟಾ ಕಟ್ಟಿದಿ ಅಂದ್ರ ಕಟ್ಟಿದ್ದೂ ಒಂದs, ಬಿಟ್ಟದ್ದೂ ಒಂದs" ಎಂದರು. ಆಮೇಲೆ ಅವರಾಗಿಯೇ ಕೆಲಸ ಮುಗಿದ ಮೇಲೆ ಸ್ಪ್ಯಾನರ್ ಎಣಿಸುವ ಕಥೆ ಹೇಳಿದರು. ಒಂದು ಕಡಿಮೆ ಬಂದರೂ ಅದು ಸಿಗುವ ತನಕ ಹೆಲಿಕಾಪ್ಟರ್ ಮೇಲೇಳುವ ಹಾಗಿಲ್ಲ. ಒಳಗೆಲ್ಲೋ ಬಿದ್ದು ಕಂಟ್ರೋಲ್ ರಾಡಿಗೆ ಸಿಕ್ಕಿಕೊಂಡರೆ ಮುಗಿಯಿತು. ಒಂದು ಸ್ಪ್ಯಾನರಿಗಾಗಿ ರಾತ್ರಿಯೆಲ್ಲ ಟಾರ್ಚ್ ಹಿಡಿದು ಹುಲ್ಲು ಹುಡುಕಿದ್ದನ್ನು ಅವರು ಹೇಳುವಾಗ ನಾನು ಒಂದು ಮಾತೂ ಆಡಲಿಲ್ಲ. ಇಂಥ ಸಂಗತಿ ಯಾವ ಸರ್ಕಾರಿ ದಾಖಲೆಯಲ್ಲೂ ಇರುವುದಿಲ್ಲ. ನಿಮ್ಮ ಬರಹದಲ್ಲಿ ಇರಬೇಕು.

ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಒಪ್ಪಿಗೆ ಕೇಳಿ ಮಾಡಿ. ಒಮ್ಮೆಗೆ ಒಂದು ಗಂಟೆ ಸಾಕು. ಇಬ್ಬರು ಹಳೆಯ ಜೊತೆಗಾರರನ್ನು ಒಟ್ಟಿಗೆ ಕೂರಿಸಿದರೆ ಇನ್ನೂ ಒಳ್ಳೆಯದು. ಒಬ್ಬರು ಮರೆತದ್ದನ್ನು ಇನ್ನೊಬ್ಬರು ಎತ್ತಿಕೊಡುತ್ತಾರೆ. ಮನೆಯ ಹೆಂಗಸರನ್ನೂ ಕೇಳಿ. ನಮ್ಮ ಅವ್ವನಿಗೆ ಅಪ್ಪನ ಯಾವ ಪೋಸ್ಟಿಂಗ್ ಯಾವಾಗ ಎಂಬುದು ಅಪ್ಪನಿಗಿಂತ ಚೆನ್ನಾಗಿ ಗೊತ್ತಿತ್ತು. ಮಕ್ಕಳ ಶಾಲೆ ಬದಲಾದ ಲೆಕ್ಕದಲ್ಲಿ ಹೇಳುತ್ತಿದ್ದಳು.

ನೆನಪನ್ನು ದಾಖಲೆಗೆ ಹೊಂದಿಸುವುದು

ಈಗ ನಿಮ್ಮ ಹತ್ತಿರ ಯಂತ್ರ ಇದೆ, ಊರು ಇದೆ, ಮಾತು ಇದೆ. ಇವನ್ನು ಎಲ್ಲರಿಗೂ ಗೊತ್ತಿರುವ ಘಟನೆಗಳ ಪಕ್ಕ ಇಟ್ಟು ನೋಡಬೇಕು. ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ.

"ನಾವು ಬಾಂಗ್ಲಾ ಯುದ್ಧದಲ್ಲಿ ಮೇಘನಾ ನದಿ ದಾಟಿಸಿದೆವು" ಎಂದು ಹಿರಿಯರೊಬ್ಬರು ಹೇಳಿದರು ಎನ್ನಿ. ಹೇಗೆ ಹೊಂದಿಸುವುದು? 1971ರ ಡಿಸೆಂಬರಿನಲ್ಲಿ ಪೂರ್ವದಲ್ಲಿ ಈ ಕೆಲಸ ಮಾಡಿದ್ದು 105, 110, 111 ಯೂನಿಟ್‌ಗಳ ಎಂಐ-4ಗಳು. ಡಿಸೆಂಬರ್ 7ರಂದು ಲೆಫ್ಟಿನೆಂಟ್ ಕರ್ನಲ್ ಹರೋಲಿಕರ್ ಅವರ 4/5 ಗೂರ್ಖಾ ಪಡೆಯನ್ನು ಸಿಲ್ಹೆಟ್ ಬಳಿ ಇಳಿಸಿದವು. ಎರಡು ದಿನ ಬಿಟ್ಟು ಮೇಘನಾ. ಆಶುಗಂಜ್ ಹತ್ತಿರದ ದೊಡ್ಡ ರೈಲು ಸೇತುವೆಯನ್ನು ಪಾಕಿಸ್ತಾನಿ ಸೇನೆ ಸಿಡಿಸಿತ್ತು. ನದಿ ಬಹಳ ಅಗಲ. ಭೂಸೇನೆಯ 4ನೇ ಕೋರ್‌ನ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ಸಗತ್ ಸಿಂಗ್ ಸೇತುವೆಗೆ ಕಾಯದೆ ಹೆಲಿಕಾಪ್ಟರಿನಲ್ಲೇ ದಾಟಿಸಲು ತೀರ್ಮಾನ ಮಾಡಿದರು. ವಾಯುಪಡೆಯ ಕಡೆಯಿಂದ ಗ್ರೂಪ್ ಕ್ಯಾಪ್ಟನ್ ಚಂದನ್ ಸಿಂಗ್ ಮುಂದೆ ನಿಂತರು. ಡಿಸೆಂಬರ್ 9ರಿಂದ ಎಂಐ-4ಗಳು ಸೈನಿಕರನ್ನು ರಾಯಪುರಕ್ಕೆ, ಆಮೇಲೆ ನರಸಿಂಗ್ಡಿಗೆ ಸಾಗಿಸಿದವು. ಅಲ್ಲಿಂದ ಢಾಕಾ ದಾರಿ ತೆರೆಯಿತು.

ಈಗ ನಿಮ್ಮ ಹಿರಿಯರ ಯೂನಿಟ್ ಆ ಮೂರರಲ್ಲಿ ಇದೆಯಾ? ಆಗ ಅವರ ಯಂತ್ರ ಎಂಐ-4 ಆಗಿತ್ತಾ? ಡಿಸ್ಚಾರ್ಜ್ ಬುಕ್ಕಿನಲ್ಲಿ ಆ ತಿಂಗಳು ಅವರು ಪೂರ್ವದಲ್ಲಿ ಇದ್ದರಾ? ಮೂರಕ್ಕೂ ಹೌದು ಎಂದರೆ ಧೈರ್ಯವಾಗಿ ಬರೆಯಿರಿ. ಯೂನಿಟ್ ಬೇರೆ ಇದ್ದರೆ ಅವರು ಸುಳ್ಳು ಹೇಳಿದರು ಎಂದುಕೊಳ್ಳಬೇಡಿ. ಯುದ್ಧದಲ್ಲಿ ಫಿಟರ್‌ಗಳನ್ನು ಬೇರೆ ದಳಕ್ಕೆ ತಾತ್ಕಾಲಿಕವಾಗಿ ಕಳಿಸುವುದು ಮಾಮೂಲು. "ಅಟ್ಯಾಚ್‌ಮೆಂಟ್ ಮೇಲೆ ಹೋಗಿದ್ರಾ?" ಎಂದು ಕೇಳಿ. ಸಿಕ್ಕ ಉತ್ತರವನ್ನು ಅವರ ಮಾತು ಎಂದೇ ಗುರುತಿಸಿ ಬರೆಯಿರಿ, ದಾಖಲೆಯ ಜೊತೆ ಕಲಸಬೇಡಿ.

ಬೇರೆ ಕಾಲಕ್ಕೂ ಇದೇ ದಾರಿ. ಲೇಹ್‌ನ 114ರವರಾದರೆ 1978ರ ಅಕ್ಟೋಬರಿನಲ್ಲಿ ಚೇತಕ್ ಮೊದಲ ಸಲ ಸಿಯಾಚಿನ್ ಹಿಮದ ಮೇಲೆ ಇಳಿದದ್ದು, 1984ರ ಏಪ್ರಿಲ್ 13ರಂದು ಸಿಯಾಚಿನ್ ಹಿಡಿಯುವ ಆಪರೇಷನ್ ಮೇಘದೂತ್ ಶುರುವಾಗಿ ಕ್ಯಾಪ್ಟನ್ ಸಂಜಯ್ ಕುಲಕರ್ಣಿ ಅವರ ತುಕಡಿಯನ್ನು ಬಿಲಾಫಾಂಡ್ ಲಾ ಎಂಬ ಕಣಿವೆದಾರಿಯ ಹತ್ತಿರ ಚೀತಾಗಳು ಇಳಿಸಿದ್ದು ಗೂಟದಂತೆ ನೆಟ್ಟ ದಿನಾಂಕಗಳು. ಎಂಐ-25ರವರಾದರೆ 1987ರಿಂದ ಶ್ರೀಲಂಕಾ. ಎಂಐ-17ರವರಾದರೆ 1999ರ ಕಾರ್ಗಿಲ್. ಮುಂಬೈ ಜನಕ್ಕೆ ಕಣ್ಣಿಗೆ ಕಟ್ಟಿದ ಒಂದು ದಿನವೂ ಇದೆ: 2008ರ ನವೆಂಬರ್ 28ರ ಬೆಳಗ್ಗೆ ಕೊಲಾಬಾದ ನಾರಿಮನ್ ಹೌಸ್ ಚಾವಣಿಗೆ ಎಂಐ-17ನಿಂದ ಎನ್‌ಎಸ್‌ಜಿ ಕಮಾಂಡೋಗಳು ಹಗ್ಗ ಹಿಡಿದು ಇಳಿದದ್ದು. ಎಂಐ-8ರ ಕಥೆ 2017ರ ಡಿಸೆಂಬರಿನಲ್ಲಿ ನಮ್ಮ ಯಲಹಂಕದಲ್ಲಿ ಮುಗಿಯುತ್ತದೆ. ಕೊನೆಯ ವಿದಾಯ ಅಲ್ಲೇ ನಡೆಯಿತು.

ಆದರೆ ಯುದ್ಧ, ಕಾರ್ಯಾಚರಣೆಗಳಷ್ಟನ್ನೇ ಪೋಣಿಸಿದರೆ ಅದು ಹೆಲಿಕಾಪ್ಟರ್ ಯೂನಿಟ್ಟಿನ ಚರಿತ್ರೆ ಆಗುವುದಿಲ್ಲ. ಈ ವಿಷಯದಲ್ಲಿ ನನ್ನದು ಹಟ. ಹೆಲಿಕಾಪ್ಟರಿನವರ ನಿತ್ಯದ ಕೆಲಸವೇ ಬೇರೆ: ಗಡಿ ಠಾಣೆಗೆ ಸೀಮೆಎಣ್ಣೆ, ತರಕಾರಿ, ಟಪಾಲು ಒಯ್ಯುವುದು, ಕಾಯಿಲೆ ಬಿದ್ದ ಜವಾನನನ್ನು ಕೆಳಗೆ ತರುವುದು, ನೆರೆ ಬಂದಾಗ ಮಾಳಿಗೆ ಮೇಲಿಂದ ಜನರನ್ನು ಎತ್ತುವುದು. 2009ರಲ್ಲಿ ಉತ್ತರ ಕರ್ನಾಟಕ ಮುಳುಗಿದಾಗ, 2013ರಲ್ಲಿ ಉತ್ತರಾಖಂಡ ಕೊಚ್ಚಿಹೋದಾಗ, 2018ರಲ್ಲಿ ಕೇರಳದಲ್ಲಿ ಇದೇ ಹೆಲಿಕಾಪ್ಟರ್‌ಗಳು ಬಂದವು. ಒಂದು ಅಧ್ಯಾಯ ಪೂರ್ತಿ ಇದಕ್ಕೇ ಇಡಿ.

ಸತ್ತವರ ಬಗ್ಗೆ ಬರೆಯುವಾಗ

ಪ್ರತಿ ಯೂನಿಟ್ಟಿಗೂ ಮರಳಿ ಬಾರದವರು ಇರುತ್ತಾರೆ. 1999ರ ಮೇ 28ರಂದು ತೋಲೋಲಿಂಗ್ ಹತ್ತಿರ ಕ್ಷಿಪಣಿ ಬಡಿದು 152 ಯೂನಿಟ್ಟಿನ ಎಂಐ-17 ಉರುಳಿತು. ಸ್ಕ್ವಾಡ್ರನ್ ಲೀಡರ್ ಪುಂಡೀರ್, ಫ್ಲೈಟ್ ಲೆಫ್ಟಿನೆಂಟ್ ಮುಹಿಲನ್, ಸಾರ್ಜೆಂಟ್ ಪ್ರಸಾದ್, ಸಾರ್ಜೆಂಟ್ ಸಾಹು, ನಾಲ್ವರೂ ಹೋದರು. ಇಂಥಲ್ಲಿ ಬರೀ ಪೈಲಟ್‌ಗಳ ಹೆಸರು ಬರೆದು 'ಇತರರು' ಎಂದು ಬಿಡಬೇಡಿ. ಸಾರ್ಜೆಂಟ್ ಹೆಸರೂ ಪೂರ್ತಿ ಬರಲಿ. ಹೆಸರಿನ ಕಾಗುಣಿತವನ್ನು ರಕ್ಷಣಾ ಸಚಿವಾಲಯದ ಶೌರ್ಯ ಪ್ರಶಸ್ತಿಗಳ ಪಟ್ಟಿಯಲ್ಲಿ, ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಯ ಹೆಸರುಗಳಲ್ಲಿ ನೋಡಿ ಸರಿ ಮಾಡಿಕೊಳ್ಳಿ. ಅಪಘಾತ ಯಾಕೆ ಆಯಿತು ಎಂದು ನೀವು ತೀರ್ಪು ಕೊಡಬೇಡಿ. ಕುಟುಂಬದವರು ಪುಣೆಯಲ್ಲೇ ಇದ್ದರೆ ಅಚ್ಚಿಗೆ ಹೋಗುವ ಮೊದಲು ಆ ಪುಟವನ್ನು ಅವರ ಕೈಗೆ ಕೊಟ್ಟು ಓದಿಸಿ.

ಯಾವುದನ್ನು ಬಿಡಬೇಕು

ಈಗಿನ ನೆಲೆ, ಈಗಿನ ಯಂತ್ರಗಳ ಸಂಖ್ಯೆ, ಈಗ ಕೆಲಸದಲ್ಲಿ ಇರುವವರ ಹೆಸರು ಬೇಡ. ಲೋಹಗಾಂವ್ ಬೇಲಿಯಾಚೆಯಿಂದ ಮೊಬೈಲಿನಲ್ಲಿ ಫೋಟೋ ತೆಗೆಯುವುದಂತೂ ಬೇಡವೇ ಬೇಡ, ಅದು ಅಪರಾಧ. ಟ್ರಂಕಿನಲ್ಲಿ ಗುಪ್ತ ಎಂದು ಮುದ್ರೆ ಇರುವ ಕಾಗದ ಸಿಕ್ಕರೆ ಎಷ್ಟೇ ಹಳೆಯದಾದರೂ ಪ್ರಕಟಿಸಬೇಡಿ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ. 2021ರಲ್ಲಿ ರಕ್ಷಣಾ ಸಚಿವಾಲಯ ಹೊಸ ನೀತಿ ತಂದಿದೆ. ಅದರ ಪ್ರಕಾರ ಸಾಮಾನ್ಯವಾಗಿ 25 ವರ್ಷಕ್ಕೆ ದಾಖಲೆಗಳ ಗುಪ್ತತೆ ತೆಗೆಯಬೇಕು. ಆದರೆ ಅದನ್ನು ತೆಗೆಯುವವರು ಅವರು, ನಾವಲ್ಲ.

ಸರ್ವೀಸ್ ವಿವರ ಕಳೆದುಹೋಗಿದ್ದರೆ ದೆಹಲಿಯ ಸುಬ್ರೋತೊ ಪಾರ್ಕಿನ ವಾಯುಪಡೆ ರೆಕಾರ್ಡ್ ಆಫೀಸಿಗೆ ಪತ್ರ ಬರೆಯಿರಿ. ಹಿರಿಯರು ಇದ್ದರೆ ಅವರ ಸಹಿಯಲ್ಲೇ ಹೋಗಲಿ. ಇಲ್ಲವಾದರೆ ಹತ್ತಿರದ ವಾರಸುದಾರರು ಬರೆಯಬೇಕು. ಸರ್ವೀಸ್ ನಂಬರ್ ಪತ್ರದ ತಲೆಯಲ್ಲೇ ಇರಲಿ.

ಬರೆದು ಮುಗಿಸುವುದು

ಎಂಬತ್ತು ಪುಟ ದಾಟಿಸಬೇಡಿ. ಒಂದೊಂದು ಯಂತ್ರಕ್ಕೆ ಒಂದೊಂದು ಭಾಗ ಮಾಡಿ: ಎಂಐ-4ರ ಕಾಲ, ಎಂಐ-8ರ ಕಾಲ, ಎಂಐ-17ರ ಕಾಲ. ಪ್ರತಿ ಭಾಗದ ಶುರುವಿನಲ್ಲಿ ಯಂತ್ರದ ಫೋಟೋ, ಅದರ ಕೆಳಗೆ ಎಡದಿಂದ ಬಲಕ್ಕೆ ನಿಂತವರ ಹೆಸರು, ಟ್ರೇಡ್, ಊರು. ಹೆಸರು ಗೊತ್ತಾಗದವರ ಜಾಗ ಖಾಲಿ ಬಿಡಿ, ಓದಿದ ಯಾರಾದರೂ ತುಂಬುತ್ತಾರೆ. ರೋಟರ್, ಗೇರ್‌ಬಾಕ್ಸ್, ಸಾರ್ಟಿ, ಹೆಲಿಪ್ಯಾಡ್ ಇವನ್ನೆಲ್ಲ ಹಾಗೇ ಬರೆಯಿರಿ, ಕಷ್ಟಪಟ್ಟು ಹೊಸ ಪದ ಕಟ್ಟಬೇಡಿ. ಕಾಕಾಗಳ ಮಾತನ್ನು ಅವರ ಧಾರವಾಡದ, ವಿಜಯಪುರದ ಕನ್ನಡದಲ್ಲೇ ಇಡಿ.

ಕಂಪ್ಯೂಟರಿನಲ್ಲಿ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಪುಣೆಯಲ್ಲಿ ಕನ್ನಡ ಡಿಟಿಪಿ ಮಾಡುವವರು ಸಿಗುವುದು ಕಷ್ಟ. ಹಳೆಯ ಫಾಂಟಿನಲ್ಲಿ ಮಾಡಿದರೆ ಪ್ರೆಸ್ಸಿನಲ್ಲಿ ಒತ್ತಕ್ಷರ ಕಳಚುತ್ತವೆ. ನೀವೇ ಪಿಡಿಎಫ್ ಮಾಡಿಕೊಂಡು ಹೋದರೆ ಅಪ್ಪಾ ಬಳವಂತ ಚೌಕದ ಸುತ್ತಮುತ್ತ ಬೇಕಾದಷ್ಟೇ ಪ್ರತಿ ಹಾಕಿಸಿ ಬೈಂಡ್ ಮಾಡಿಸಬಹುದು. ಮೊದಲ ಕರಡನ್ನು ದೊಡ್ಡ ಅಕ್ಷರದಲ್ಲಿ ಮಾಡಿಸಿ, ಹಿರಿಯರಿಗೆ ಓದಲು ಆಗಬೇಕಲ್ವಾ? ಅವರ ಕೈಗೆ ಕೆಂಪು ಪೆನ್ ಕೊಡಿ.

ಪ್ರತಿಗಳನ್ನು ಮನೆಯವರಿಗೆ, ಮಾತಾಡಿದ ಪ್ರತಿಯೊಬ್ಬರಿಗೆ, ಕನ್ನಡ ಸಂಘದ ಗ್ರಂಥಾಲಯಕ್ಕೆ ಕೊಡಿ. ಒಂದನ್ನು ಯೂನಿಟ್ಟಿಗೇ ಕಳಿಸಿ, ಕಮಾಂಡಿಂಗ್ ಆಫೀಸರ್ ಹೆಸರಿಗೆ, ಜೊತೆಗೆ ಒಂದು ಪುಟದ ಇಂಗ್ಲಿಷ್ ಅಥವಾ ಹಿಂದಿ ಸಾರಾಂಶ ಇಟ್ಟು. ಪ್ರತಿ ಯೂನಿಟ್ ತನ್ನ ರೈಸಿಂಗ್ ಡೇ, ಅಂದರೆ ತಾನು ಹುಟ್ಟಿದ ದಿನ, ಆಚರಿಸುತ್ತದೆ, ಹಳಬರನ್ನು ಕರೆಯುತ್ತದೆ. ಅದಕ್ಕೆ ಎರಡು ತಿಂಗಳ ಮುಂಚೆ ತಲುಪುವ ಹಾಗೆ ಸ್ಪೀಡ್ ಪೋಸ್ಟಿನಲ್ಲಿ ಹಾಕಿ. ಪುಸ್ತಕದ ಮೊದಲ ಪುಟದಲ್ಲಿ ನಿಮ್ಮ ಫೋನ್ ನಂಬರ್ ಮರೆಯಬೇಡಿ. ಜೋರ್ಹಾಟಿನಿಂದಲೋ ಸಹಾರನ್‌ಪುರದಿಂದಲೋ ಯಾರಾದರೂ ಫೋನ್ ಮಾಡಿ "ಪುಟ 34ರ ಫೋಟೋದಲ್ಲಿ ಎಡದಿಂದ ಮೂರನೆಯವನು ನಾನು" ಎನ್ನುತ್ತಾರೆ. ಆ ಹೆಸರನ್ನು ಎರಡನೇ ಮುದ್ರಣಕ್ಕೆ ಸೇರಿಸಿ.